ಬೀಗದ ಕೈ ಯಾರ ಹತ್ತಿರ ಇದೆ?

ಓದುಗರ ಪ್ರಶ್ನೆ, ಫೋಟೋಗ್ರಾಫರ್ ಉತ್ತರ

ಎರಡು ಸಂಚಿಕೆ ಹಿಂದೆ ಇದೇ ಪುಟದಲ್ಲಿ ಮುಚ್ಚಿಹೋದ ಒಂದು ಟಾಕೀಸಿನ ನಾಲ್ಕು ಫೋಟೋ ಅಚ್ಚಾಗಿದ್ದವು. ಆಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಹಾಳುಬಿದ್ದ ಕಟ್ಟಡಗಳ ಬಗ್ಗೆಯೇ ಇದ್ದವು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಹೊಸ ಓದುಗರಿಗಾಗಿ ಒಂದು ಮಾತು: ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ 1991ರಿಂದ ಸ್ಟುಡಿಯೋ ನಡೆಸುತ್ತಿದ್ದೇನೆ. ವಾರವಿಡೀ ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು. ಮಂಗಳವಾರ ಅಂಗಡಿಗೆ ರಜೆ. ಆ ದಿನ ಮಾತ್ರ ಬೈಕು ಹತ್ತಿ ಇಂಥ ಕಟ್ಟಡಗಳನ್ನು ಹುಡುಕಿಕೊಂಡು ಹೋಗುತ್ತೇನೆ.

ನಮ್ಮೂರ ಪೇಟೆ ಬೀದಿಯಲ್ಲಿ ಒಂದು ಹಳೇ ಮನೆ ಇದೆ. ಮುಂದೆ ಬೀಗ, ಆದರೆ ಹಿತ್ತಲ ಗೋಡೆ ಬಿದ್ದಿದೆ. ಸಲೀಸಾಗಿ ಒಳಗೆ ಹೋಗಬಹುದು. ಯಾರೂ ವಾಸ ಇಲ್ಲ. ಹೋಗಿ ಫೋಟೋ ತೆಗೆದರೆ ತಪ್ಪಾ?
— ಡಿಗ್ರಿ ವಿದ್ಯಾರ್ಥಿ, ಚಿಂತಾಮಣಿ

ಮುಂದೆ ಬೀಗ ಇದೆ ಅಂದಿರಲ್ಲ, ಅದರ ಕೈ ಯಾರ ಹತ್ತಿರ ಇದೆ? ಮೊದಲು ಅದನ್ನು ಪತ್ತೆ ಮಾಡಿ.

ಕಾನೂನಿನ ಮಾತು ಬೇಗ ಹೇಳಿ ಮುಗಿಸುತ್ತೇನೆ. ರಸ್ತೆಯಲ್ಲಿ ನಿಂತು ಕಟ್ಟಡದ ಫೋಟೋ ತೆಗೆಯೋದಕ್ಕೆ ತೊಂದರೆ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಕಟ್ಟಡದ ಫೋಟೋಗೆ ವಿನಾಯಿತಿ ಕೊಟ್ಟಿದೆ. ಒಳಗೆ ಕಾಲಿಟ್ಟರೆ ಕಥೆ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅತಿಕ್ರಮ ಪ್ರವೇಶ 329ನೇ ಕಲಮು. ಅಪರಾಧ ಎಸಗುವ, ಬೆದರಿಸುವ, ಅವಮಾನ ಮಾಡುವ ಅಥವಾ ಕಿರಿಕಿರಿ ಕೊಡುವ ಉದ್ದೇಶ ಇದ್ದರೆ ಅದು ಅಪರಾಧ. ನಿಮಗೆ ಅಂಥ ಉದ್ದೇಶ ಇಲ್ಲ, ನಿಜ. ಅದನ್ನು ಸ್ಟೇಷನ್ನಿನಲ್ಲಿ ಕೂತು ವಿವರಿಸುವ ಪರಿಸ್ಥಿತಿ ಯಾಕೆ ತಂದುಕೊಳ್ಳಬೇಕು?

ಕಾನೂನಿಗಿಂತ ದೊಡ್ಡ ಕಾರಣ ಒಂದಿದೆ. ಆ ಟಾಕೀಸಿನ ಫೋಟೋ ತೆಗೆದಾಗ ಅದು ನನಗೆ ಗೊತ್ತಾಯಿತು.

ಮೊದಲ ಸಲ ನಾನೂ ಕಾಂಪೌಂಡು ಹಾರಿಯೇ ಹೋಗಿದ್ದೆ. ಎರಡು ಗಂಟೆ ಇದ್ದೆ. ಮುರಿದ ಸೀಟು, ಹರಿದ ಪರದೆ, ಸೂರಿನ ತೂತಿನಿಂದ ಬೀಳುವ ಬಿಸಿಲು, ಎಲ್ಲ ತೆಗೆದೆ. ಮನೆಗೆ ಬಂದು ನೋಡಿದರೆ ಎಲ್ಲೋ ನೋಡಿದ ಹಾಗೇ ಇದ್ದವು. ಯಾವ ಊರಿನ ಯಾವ ಟಾಕೀಸೂ ಆಗಬಹುದಿತ್ತು. ಮುಂದಿನ ಮಂಗಳವಾರ ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಾ ಕೇಳಿದೆ. ಬೀಗದ ಕೈ ಹಳೇ ಆಪರೇಟರ್ ಹತ್ತಿರ ಇದೆ, ಬಸ್‌ಸ್ಟ್ಯಾಂಡ್ ಹಿಂದೆ ಮಿಕ್ಸಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾರೆ ಅಂದರು. ಹೋದೆ. "ಯಜಮಾನ್ರೇ, ಒಂದ್ ಗಂಟೆ ಒಳಗೆ ಬಿಡ್ತೀರಾ?" ಅಂತ ಕೇಳಿದೆ. ನನ್ನ ಕ್ಯಾಮೆರಾ ನೋಡಿದರು, ಮುಖ ನೋಡಿದರು. "ಏನಪ್ಪ, ಮಾರಾಟಕ್ಕಾ?" ಅಂದರು. ಅಲ್ಲ ಅಂದ ಮೇಲೆ ಕೈ ಒರೆಸಿಕೊಂಡು ಎದ್ದರು.

ಪ್ರೊಜೆಕ್ಟರ್ ರೂಮಿನ ಬಾಗಿಲ ಒಳಬದಿಯಲ್ಲಿ ಕೆಂಪು ಪೆನ್ಸಿಲಿನ ಗೆರೆಗಳಿದ್ದವು. ನಾಲ್ಕು ನಿಂತ ಗೆರೆ, ಅಡ್ಡಕ್ಕೆ ಒಂದು. ಹಿಂದಿನ ವಾರವೂ ನೋಡಿದ್ದೆ, ಮಕ್ಕಳು ಗೀಚಿದ್ದು ಅಂದುಕೊಂಡು ಬಿಟ್ಟುಬಂದಿದ್ದೆ. ಅವರು ಬೆರಳಿಟ್ಟು ತೋರಿಸಿದರು. ಹೌಸ್‌ಫುಲ್ ಆದ ಆಟಗಳ ಲೆಕ್ಕ. ಒಂದು ಸಾಲು ಬಾಗಿಲ ಮೇಲ್ತುದಿಯಿಂದ ಚಿಲಕದವರೆಗೆ ಇಳಿದಿತ್ತು. ಅಷ್ಟೂ ಒಂದೇ ಸಿನಿಮಾದ್ದಂತೆ. ಮೂಲೆಯಲ್ಲಿ ತುಕ್ಕು ಹಿಡಿದ ಡಬ್ಬ. ಅದರ ತುಂಬ ಕಿರುಬೆರಳು ಗಾತ್ರದ ಕಪ್ಪು ಕಡ್ಡಿ ತುಂಡುಗಳು. ಅವು ಕಾರ್ಬನ್ ಕಡ್ಡಿಗಳು. ಎರಡು ಕಡ್ಡಿಗಳ ನಡುವೆ ಕಿಡಿ ಹೊತ್ತಿಸಿ ಅದರ ಬೆಳಕಿನಲ್ಲೇ ಸಿನಿಮಾ ತೋರಿಸುತ್ತಿದ್ದ ಕಾಲ. ಕಡ್ಡಿ ಉರಿದು ಸವೆದಂತೆ ನಡುವಿನ ಸಂದು ಜಾಸ್ತಿಯಾಗುತ್ತದೆ, ತಿರುಪು ತಿರುಗಿಸಿ ಹತ್ತಿರ ತರುತ್ತಿರಬೇಕು. ಮರೆತರೆ ಪರದೆ ಕಪ್ಪು, ಕೆಳಗಿಂದ ಶಿಳ್ಳೆ. ಸುಮಾರು 20 ನಿಮಿಷಕ್ಕೊಂದು ರೀಲು, ಅಷ್ಟರೊಳಗೆ ಪಕ್ಕದ ಪ್ರೊಜೆಕ್ಟರಿಗೆ ಮುಂದಿನದ್ದು ಏರಿಸಿರಬೇಕು. ಇದನ್ನೆಲ್ಲ ಹೇಳುವಾಗ ಅವರ ಕೈ ಗಾಳಿಯಲ್ಲೇ ತಿರುಪು ತಿರುಗಿಸುತ್ತಿತ್ತು.

ಕೆಳಗೆ ಬಂದು ಟಿಕೆಟ್ ಕಿಂಡಿ ತೋರಿಸಿದರು. ಗಾಂಧಿ ಕ್ಲಾಸ್, ಅಂದರೆ ಪರದೆ ಹತ್ತಿರದ ಅಗ್ಗದ ಸೀಟಿನ ಕಿಂಡಿ, ಬರೀ ಒಂದು ಕೈ ಹಿಡಿಯುವಷ್ಟು. ಅದರ ಕೆಳ ಅಂಚು ಕೈ ಉಜ್ಜಿ ಉಜ್ಜಿ ಎಣ್ಣೆ ಹಚ್ಚಿದ ಹಾಗೆ ನುಣ್ಣಗೆ, ಕಪ್ಪಗೆ ಹೊಳೆಯುತ್ತಿತ್ತು. ಪಕ್ಕದ ಬಾಲ್ಕನಿ ಕಿಂಡಿಯ ಅಂಚಿನಲ್ಲಿ ಬಣ್ಣ ಇನ್ನೂ ಹಾಗೇ ಇತ್ತು. ಎರಡನ್ನೂ ಒಂದೇ ಫ್ರೇಮಿನಲ್ಲಿ ತೆಗೆದೆ. ನೀವು ಪತ್ರಿಕೆಯಲ್ಲಿ ನೋಡಿದ್ದು ಅದನ್ನೇ. ಗೋಡೆ ಹಾರಿ ಹೋದವನಿಗೆ ಅದು ಕಾಣಲಿಲ್ಲ, ಬೀಗ ತೆಗೆಸಿಕೊಂಡು ಹೋದವನಿಗೆ ಕಂಡಿತು.

ನಿಮ್ಮ ಪೇಟೆ ಬೀದಿ ಮನೆಗೂ ಇಂಥವರು ಯಾರೋ ಇದ್ದೇ ಇರುತ್ತಾರೆ. ಅಕ್ಕಪಕ್ಕದ ಅಂಗಡಿಯಲ್ಲಿ ಕೇಳಿ. ಅಲ್ಲಿ ಆಗದಿದ್ದರೆ ನಗರಸಭೆಯಲ್ಲಿ ಖಾತೆ ಯಾರ ಹೆಸರಲ್ಲಿದೆ ಅಂತ ವಿಚಾರಿಸಿ. ಹಳ್ಳಿಯಾದರೆ ಪಂಚಾಯ್ತಿ. ಬಹಳಷ್ಟು ಮನೆಗಳು ಹಾಳಾಗಿರೋದು ಅಣ್ಣತಮ್ಮಂದಿರ ಪಾಲಿನ ಕೇಸಿನಿಂದ. ಅಂಥ ಕಡೆ ಒಬ್ಬರು ಒಪ್ಪಿದರೆ ಇನ್ನೊಬ್ಬರು ಬಂದು ಕೂಗಾಡುವುದುಂಟು. ಯಾರ ಪರವಾಗಿಯೂ ಬಂದಿಲ್ಲ ಅಂತ ಮೊದಲೇ ಹೇಳಿಬಿಡಿ. ತೆಗೆದ ಮೇಲೆ ಒಂದು ಪ್ರಿಂಟು ಹಾಕಿಸಿ ಕೊಡಿ. ಕೊಡುತ್ತೇನೆ ಅಂತ ಹೇಳಿ ಮರೆಯಬೇಡಿ.

ನನ್ನ ಹತ್ತಿರ ಫೋನ್ ಮಾತ್ರ ಇದೆ. ಹಳೇ ಕಟ್ಟಡದ ಒಳಗೆ ತೆಗೆದರೆ ಕಿಟಕಿ ಬೆಳ್ಳಗೆ, ಉಳಿದದ್ದೆಲ್ಲ ಕಪ್ಪಗೆ ಬರುತ್ತದೆ. ಗೋಡೆಗಳು ಹಿಂದಕ್ಕೆ ವಾಲಿದ ಹಾಗೆ ಕಾಣುತ್ತವೆ. ಏನು ಮಾಡಲಿ?
— ಶಾಲಾ ಶಿಕ್ಷಕಿ, ಹಿರಿಯೂರು

ಫೋನೇ ಸಾಕು ಮೇಡಂ. ಗೋಡೆ ವಾಲೋದು ಯಾಕೆಂದರೆ ನೀವು ಫೋನನ್ನು ಮೇಲಕ್ಕೆ ಓರೆ ಮಾಡುತ್ತಿದ್ದೀರಿ. ಫೋನನ್ನು ಗೋಡೆಗೆ ಸಮನಾಗಿ, ನೆಟ್ಟಗೆ ಹಿಡಿಯಿರಿ. ಸೂರು ಫ್ರೇಮಿನೊಳಗೆ ಬರದಿದ್ದರೆ ಹಿಂದಕ್ಕೆ ಹೋಗಿ, ಆಗದಿದ್ದರೆ ಎರಡು ಮೆಟ್ಟಿಲು ಹತ್ತಿ ತೆಗೆಯಿರಿ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಗ್ರಿಡ್ ಅಂತ ಇರುತ್ತದೆ, ಅದನ್ನು ಆನ್ ಮಾಡಿಕೊಂಡರೆ ಕಂಬದ ಪಕ್ಕ ಗೆರೆ ಹೊಂದಿಸಬಹುದು. 0.5 ಅಂತ ತೋರಿಸುವ ಅಗಲದ ಲೆನ್ಸ್ ಆದಷ್ಟು ಬೇಡ. ಅದು ಮೂಲೆಗಳನ್ನು ಎಳೆದು ಸಣ್ಣ ಕೋಣೆಯನ್ನೂ ಅರಮನೆ ಮಾಡುತ್ತದೆ.

ಬೆಳಕಿಗೆ ಬರೋಣ. ಪರದೆ ಮೇಲೆ ಕಿಟಕಿಯ ಹತ್ತಿರ, ಬಿಸಿಲು ಬಿದ್ದ ಗೋಡೆಯನ್ನು ಒತ್ತಿ. ಕಿಟಕಿಯ ಆಚೆಯ ಆಕಾಶ ಬೇಡ. ಒತ್ತಿದಲ್ಲಿ ಸಣ್ಣ ಸೂರ್ಯನ ಗುರುತು ಬಂದರೆ ಸ್ವಲ್ಪ ಕೆಳಗೆ ಎಳೆಯಿರಿ. ಫೋಟೋ ಕಪ್ಪಾಯಿತು ಅನ್ನಿಸುತ್ತದೆ, ಪರವಾಗಿಲ್ಲ. ಕಪ್ಪಿನಲ್ಲಿರೋದನ್ನು ಆಮೇಲೆ ಸ್ವಲ್ಪ ಎತ್ತಿಕೊಳ್ಳಬಹುದು, ಪೂರ್ತಿ ಬೆಳ್ಳಗಾಗಿ ಹೋದದ್ದು ವಾಪಸ್ ಬರಲ್ಲ. ಫೋನನ್ನು ಇಟ್ಟಿಗೆಗೋ ಚೀಲಕ್ಕೋ ಒರಗಿಸಿ, 3 ಸೆಕೆಂಡಿನ ಟೈಮರ್ ಹಾಕಿ ಕೈ ಬಿಡಿ. ಪ್ರೊಜೆಕ್ಟರ್ ರೂಮಿನಲ್ಲಿ ನಾನು ಕ್ಯಾಮೆರಾ ಟ್ರೈಪಾಡ್ ಮೇಲಿಟ್ಟು 8 ಸೆಕೆಂಡು ಬೆಳಕು ಬೀಳಲು ಬಿಟ್ಟಿದ್ದೆ. ಕೈಯಲ್ಲಿ ಹಿಡಿದು ಅದು ಸಾಧ್ಯವಿಲ್ಲ.

ಫ್ಲ್ಯಾಶ್ ಮಾತ್ರ ಹಾಕಬೇಡಿ. ಗೋಡೆಯ ಗಾರೆ, ಉದುರಿದ ಸುಣ್ಣ, ಮೊಳೆಯ ಗುರುತು ಕಾಣೋದು ಪಕ್ಕದಿಂದ ಬೀಳುವ ಬೆಳಕಿನಲ್ಲಿ. ಎದುರಿಂದ ಹೊಡೆದರೆ ಎಲ್ಲ ಚಪ್ಪಟೆ. ಪಕ್ಕದ ಬೆಳಕು ಇಲ್ಲವೇ ಇಲ್ಲ ಅಂದರೆ ಇನ್ನೊಬ್ಬರ ಕೈಯಲ್ಲಿ ಟಾರ್ಚ್ ಕೊಟ್ಟು ಗೋಡೆಗೆ ಸವರಿದ ಹಾಗೆ ಓರೆಯಾಗಿ ಹಿಡಿಸಿ.

ಗೆಳೆಯರು ಹಾವು ಇರುತ್ತದೆ ಅಂತ ಹೆದರಿಸುತ್ತಾರೆ. ನಿಜವಾಗಿ ಅಪಾಯ ಯಾವುದು?
— ಬೈಕ್ ಮೆಕ್ಯಾನಿಕ್, ಹಾವೇರಿ

ಹಾವು ಇರುತ್ತದೆ. ಸದ್ದು ಮಾಡಿಕೊಂಡು, ನೆಲ ತಟ್ಟಿಕೊಂಡು ಹೋದರೆ ಸಾಮಾನ್ಯವಾಗಿ ತಾನೇ ಸರಿದುಕೊಳ್ಳುತ್ತದೆ. ನಾನು ಅದಕ್ಕಿಂತ ಹೆದರೋದು ಮರಕ್ಕೆ. ಏಳೆಂಟು ವರ್ಷದ ಹಿಂದೆ ನಿಮ್ಮ ಕಡೆಯೇ ಒಂದು ಮುಚ್ಚಿದ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಅಟ್ಟ ಹತ್ತಿದ್ದೆ. ಹಲಗೆ ಮೇಲೆ ಹತ್ತಿಯ ದೂಳು ಕಂಬಳಿಯ ಹಾಗೆ ದಪ್ಪಕ್ಕೆ ಕೂತಿತ್ತು. ಕೆಳಗೆ ಮರ ಗೆದ್ದಲು ತಿಂದು ಬರೀ ಸಿಪ್ಪೆ ಉಳಿದಿರೋದು ಕಾಣಲಿಲ್ಲ. ಬಲಗಾಲು ತೊಡೆಯವರೆಗೆ ಇಳಿದು ಸಿಕ್ಕಿಹಾಕಿಕೊಂಡಿತು. ಜೊತೆಗೆ ನನ್ನ ಸ್ಟುಡಿಯೋ ಹುಡುಗ ಇದ್ದ, ಎಳೆದ. ಒಬ್ಬನೇ ಹೋಗಿದ್ದರೆ ಅವತ್ತು ಸಂಜೆಯವರೆಗೆ ಅಲ್ಲೇ ನೇತಾಡುತ್ತಿದ್ದೆ.

ಅವತ್ತಿನಿಂದ ಒಬ್ಬನೇ ಹೋಗಲ್ಲ. ಮರದ ಮೆಟ್ಟಿಲಾದರೆ ನಡುವೆ ಕಾಲಿಡಲ್ಲ, ಗೋಡೆ ಕಡೆ ಅಂಚಿನಲ್ಲಿ ಇಡುತ್ತೇನೆ. ಹಿತ್ತಲಲ್ಲಿ ಹುಲ್ಲು ಬೆಳೆದಿದ್ದರೆ ಕೋಲಿನಿಂದ ತಡಕುತ್ತಾ ಹೋಗುತ್ತೇನೆ, ಕಟ್ಟೆ ಇಲ್ಲದ ಹಾಳು ಬಾವಿ ಅಲ್ಲೇ ಇರೋದು. ಬಾವಲಿ ವಾಸನೆ ಬಂದರೆ ಮೂಗಿಗೆ ಮಾಸ್ಕ್, ಅದರ ಹಿಕ್ಕೆಯ ದೂಳು ಪುಪ್ಪುಸಕ್ಕೆ ಒಳ್ಳೇದಲ್ಲ. ಹೆಜ್ಜೇನು ಕಂಡರೆ ಮಾತಿಲ್ಲದೆ ವಾಪಸ್. ಮಳೆಗಾಲದಲ್ಲಿ ಮಣ್ಣಿನ ಗೋಡೆಯ ಕಟ್ಟಡಕ್ಕೆ ಹೋಗಲೇಬೇಡಿ. ಮಳೆ ನಿಂತು ಬಿಸಿಲು ಬಿದ್ದ ಮೇಲೂ ನೆಂದ ಗೋಡೆ ಕುಸಿಯುತ್ತದೆ.

ಶೆಟ್ಟಿಹಳ್ಳಿ ಚರ್ಚಿಗೆ ಯಾವ ತಿಂಗಳಲ್ಲಿ ಹೋದರೆ ಒಳ್ಳೆ ಫೋಟೋ ಸಿಗುತ್ತದೆ?
— ಬ್ಯಾಂಕ್ ಉದ್ಯೋಗಿ, ಮಂಡ್ಯ

ನಿಮಗೆ ನೀರು ಬೇಕೋ, ಕಟ್ಟಡ ಬೇಕೋ ಅನ್ನೋದರ ಮೇಲೆ. ಹಾಸನದಿಂದ ಸುಮಾರು 20 ಕಿಲೋಮೀಟರ್. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರು ಬಂದು ಊರು ಖಾಲಿಯಾಯಿತು, ಚರ್ಚು ಅಲ್ಲೇ ಉಳಿಯಿತು. ಒಳ್ಳೆ ಮಳೆಯಾದ ವರ್ಷ ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಅರ್ಧ ಮುಳುಗಿರುತ್ತದೆ. ಬೇಸಿಗೆಯಲ್ಲಿ ನಡೆದುಕೊಂಡೇ ಹೋಗಬಹುದು.

ಎಲ್ಲರೂ ನೀರಿನ ಫೋಟೋ ತೆಗೆಯುತ್ತಾರೆ. ನಾನಾದರೆ ಏಪ್ರಿಲ್‌ನಲ್ಲಿ ಹೋಗಿ ಅಂತೀನಿ. ಗೋಡೆಯ ಮೇಲೆ ನೀರು ನಿಂತಿದ್ದ ಮಟ್ಟದ ಗುರುತು ಆಗ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಬೆಳಗ್ಗೆ ಆರೂವರೆಗೆ ಅಲ್ಲಿರಿ, ಪ್ರೀವೆಡ್ಡಿಂಗ್ ತಂಡಗಳು ಬರೋ ಮುಂಚೆ. ವರ್ಷಕ್ಕೊಮ್ಮೆ ನೆಂದು ವರ್ಷಕ್ಕೊಮ್ಮೆ ಒಣಗುವ ಗೋಡೆ ಅದು. ಅದರ ಮೇಲೆ ಹತ್ತಬೇಡಿ, ಕಮಾನಿನ ಕೆಳಗೆ ಕೂತು ಪೋಸ್ ಕೊಡಬೇಡಿ. ಮತ್ತೆ, ಅದು ಪೂಜೆ ನಡೆಯುತ್ತಿದ್ದ ಜಾಗ. ಚಪ್ಪಲಿ ಬಿಡಿ ಅಂತ ಯಾರೂ ಹೇಳಲ್ಲ, ಆದರೆ ಅಲ್ಲಿ ಬಾಟಲಿ ಒಡೆದು ಬಿಸಾಡಿರೋದು ನೋಡಿದಾಗ ನನಗೆ ತುಂಬಾ ನೋವಾಗಿತ್ತು.

ಕೆಜಿಎಫ್‌ಗೆ ಹೋಗಿ 'ಸತ್ತ ಊರು' ಅನ್ನೋ ಫೋಟೋ ಸರಣಿ ಮಾಡಬೇಕು ಅಂತಿದ್ದೇನೆ. ಗಣಿಯ ಒಳಗೆ ಬಿಡುತ್ತಾರಾ?
— ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಬಿಡಲ್ಲ, ಬಿಡಬಾರದು ಕೂಡ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಜಾಸ್ತಿ ಆಳ. ಪಂಪ್ ನಿಂತ ಮೇಲೆ ಗಣಿಗಳಲ್ಲಿ ನೀರು ತುಂಬಿಕೊಂಡಿದೆ. ಬೇಲಿ ದಾಟುವ ಯೋಚನೆಯೇ ಬೇಡ. ಸೈನೈಡ್ ಗುಡ್ಡಗಳ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳೋದು ಬೇಡ. ಅದಿರಿನಿಂದ ಚಿನ್ನ ಬೇರೆ ಮಾಡಿದ ಮೇಲೆ ಉಳಿದ ಪುಡಿ ಅದು. ಗಾಳಿ ಬಂದಾಗ ಆ ದೂಳು ಸುತ್ತಲಿನ ಮನೆಗಳಿಗೆ ನುಗ್ಗುತ್ತದೆ.

ಆದರೆ ನಿಮ್ಮ ತಲೆಬರಹ ನನ್ನನ್ನು ಚುಚ್ಚಿತು. ಆ ಊರು ಸತ್ತಿಲ್ಲ. ಜಾನ್ ಟೇಲರ್ ಕಂಪನಿ 1880ರಲ್ಲಿ ಕೈಹಾಕಿದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಅಷ್ಟೇ. 1902ರಲ್ಲಿ ಶಿವನಸಮುದ್ರದಿಂದ ಅಷ್ಟು ದೂರ ತಂತಿ ಎಳೆದು ಕರೆಂಟು ತಂದದ್ದು ಈ ಊರಿಗೇ. ಗಣಿಯಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಈಗಲೂ ಅದೇ ಲೈನ್ ಮನೆಗಳಲ್ಲಿದ್ದಾರೆ. ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ರೈಲು ಹತ್ತಿ ನಿಮ್ಮ ಬೆಂಗಳೂರಿಗೇ ಕೆಲಸಕ್ಕೆ ಬಂದು ರಾತ್ರಿ ವಾಪಸ್ ಹೋಗುತ್ತಾರೆ. ಅವರ ಮನೆ ಮುಂದೆ ನಿಂತು ಸತ್ತ ಊರು ಅಂದರೆ ಅವರಿಗೆ ಹೇಗನ್ನಿಸಬೇಡ?

ನಿಮ್ಮ ಸರಣಿಯನ್ನು ಆ ರೈಲಿನಿಂದ ಶುರು ಮಾಡಿ ನೋಡಿ. ಕಟ್ಟಡಗಳೇ ಬೇಕು ಅಂದರೆ ಇನ್ನೊಂದು ದಾರಿ ಇದೆ. ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ 1959ರಿಂದ ದಶಕಗಟ್ಟಲೆ ಗಣಿ ಗೋಪುರ, ನೀರಿನ ಟ್ಯಾಂಕು, ಕುಲುಮೆಗಳನ್ನು ತೆಗೆದರು. ಮೋಡ ಮುಚ್ಚಿದ ದಿನ, ನೆರಳಿಲ್ಲದೆ, ನೇರ ಎದುರಿನಿಂದ, ಎಲ್ಲವನ್ನೂ ಒಂದೇ ಥರ. ಆಮೇಲೆ ಒಂಬತ್ತೋ ಹನ್ನೆರಡೋ ಫೋಟೋ ಸಾಲಾಗಿ ಜೋಡಿಸುತ್ತಿದ್ದರು. ಕೆಜಿಎಫ್‌ನಲ್ಲಿ ಗಣಿಗೆ ಇಳಿಯುವ ಬಾವಿಗಳ, ಅಂದರೆ ಶಾಫ್ಟ್‌ಗಳ, ಮೇಲಿನ ಗೋಪುರಗಳು ಕೆಲವು ರಸ್ತೆಗೇ ಕಾಣುತ್ತವೆ. ಅವನ್ನು ಹಾಗೆ ತೆಗೆದು ಪಕ್ಕಪಕ್ಕ ಇಟ್ಟರೆ ಒಂದೊಂದರ ಮುಖವೂ ಬೇರೆ ಅಂತ ಗೊತ್ತಾಗುತ್ತದೆ. ಕೆಳಗೆ ಯಾವ ಶಾಫ್ಟ್, ಯಾವ ದಿನ ತೆಗೆದದ್ದು ಅಂತ ಬರೆಯಿರಿ. ಮುಂದೆ ಗುಜರಿಗೆ ಹೋದರೆ ಆ ಊರಿನವರಿಗೆ ನಿಮ್ಮ ಫೋಟೋನೇ ದಾಖಲೆ.

ಹಳೇ ಮನೆ ಫೋಟೋದಲ್ಲಿ ಭಾವನೆ ಬರಲಿ ಅಂತ ಒಂದು ಮುರಿದ ಗೊಂಬೆ, ಹಳೇ ಲಾಟೀನು ಇಟ್ಟು ತೆಗೆಯಬಹುದಾ?
— ಹೆಸರು ಬೇಡ, ದಾವಣಗೆರೆ

ಬೇಡ. ಆ ಮನೆಯಲ್ಲಿ ಮಗು ಇತ್ತೋ ಇಲ್ಲವೋ ನಿಮಗೆ ಗೊತ್ತಿಲ್ಲ. ಇದ್ದದ್ದನ್ನು ಸರಿಸಬೇಡಿ, ಇಲ್ಲದ್ದನ್ನು ತರಬೇಡಿ. ಒಂದು ಮೊಳೆಯನ್ನೂ ನೆನಪಿಗೆ ಅಂತ ಜೇಬಿಗೆ ಹಾಕಬೇಡಿ. ಕೆತ್ತನೆಯ ಕಂಬ, ಬಾಗಿಲು ಇರುವ ಮನೆಯಾದರೆ ಫೋಟೋ ಜೊತೆ ಊರು, ಬೀದಿ ಹಾಕಲೂ ಬೇಡಿ. ನಾನು ಹಾಕಿದ ಒಂದು ತೊಟ್ಟಿಮನೆಯ ಬಾಗಿಲವಾಡ ಮೂರೇ ತಿಂಗಳಲ್ಲಿ ರಾತ್ರೋರಾತ್ರಿ ಹೋಯಿತು. ನನ್ನ ಫೋಟೋದಿಂದಲೇ ಹೋಯಿತು ಅಂತ ಹೇಳಲಾರೆ. ಆದರೆ ಆ ಮನೆಯ ಅಜ್ಜಿ ನನ್ನನ್ನು ಕೇಳಿದಾಗ ತಲೆ ಎತ್ತಲು ಆಗಲಿಲ್ಲ.

ಪಾಳುಬಿದ್ದ ಕಟ್ಟಡದ ವಯಸ್ಸು ಹೇಗೆ ಗೊತ್ತುಮಾಡಿಕೊಳ್ಳೋದು? ಹೆಂಚಿನ ಮೇಲೆ 1865 ಅಂತ ಇದೆ.
— ನಿವೃತ್ತ ಅಂಚೆ ನೌಕರ, ಕುಂದಾಪುರ

ಆ ಹೆಂಚಿನ ಮೇಲೆ ಬಾಸೆಲ್ ಮಿಷನ್ ಅಂತಲೂ ಇರಬೇಕು, ನೋಡಿ. 1865 ಅವರು ಮಂಗಳೂರಿನಲ್ಲಿ ನೇತ್ರಾವತಿ ದಡದಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ನಿಮ್ಮ ಹೆಂಚಿನ ವಯಸ್ಸು ಅದಲ್ಲ, ಅದಕ್ಕಿಂತ ಎಷ್ಟೋ ವರ್ಷ ಆಮೇಲಿನದ್ದಿರಬಹುದು. ಮಾಡಿಗೆ ಹೆಂಚು ಆಗಾಗ ಬದಲಾಯಿಸುತ್ತಾರೆ ಅನ್ನೋದೂ ನೆನಪಿರಲಿ. ಗೋಡೆ ನೋಡಿ. ಗಾರೆ ಸುಣ್ಣದ್ದೋ ಸಿಮೆಂಟಿನದ್ದೋ ಅಂತ ಉಗುರಲ್ಲಿ ಗೀರಿದರೆ ಅಂದಾಜಾಗುತ್ತದೆ. ಮುಂಗೋಡೆಯ ನೆತ್ತಿಯಲ್ಲಿ ಇಸವಿಯೋ ಸಂವತ್ಸರದ ಹೆಸರೋ ಬರೆಸಿರುತ್ತಾರೆ. ಹತ್ತಾರು ಸಲ ಸುಣ್ಣ ಬಳಿದು ಮುಚ್ಚಿಹೋಗಿರುತ್ತದೆ. ಸಂಜೆ ಓರೆ ಬಿಸಿಲಿನಲ್ಲಿ ನೋಡಿದರೆ ಉಬ್ಬು ಕಾಣುತ್ತದೆ. ಹೆಂಚಿನ ಹೆಸರಿನ ಹತ್ತಿರದ ಫೋಟೋ ಒಂದೊಂದು ತೆಗೆದಿಡಿ. ಎಷ್ಟೋ ಹೆಂಚಿನ ಕಾರ್ಖಾನೆಗಳು ಮುಚ್ಚಿಹೋಗಿವೆ, ಅವುಗಳ ಹೆಸರು ಉಳಿದಿರೋದು ಇಂಥ ಮಾಡುಗಳ ಮೇಲೆ ಮಾತ್ರ.

ಸಾಗರದ ಹತ್ತಿರ ನಮ್ಮ ಅಜ್ಜನ ಮನೆ ಹತ್ತು ವರ್ಷದಿಂದ ಬೀಗ ಹಾಕಿದೆ. ಒಂದು ಕಡೆ ಮಾಡು ಕುಸಿದಿದೆ. ಮುಂದಿನ ವರ್ಷ ಕೆಡವುತ್ತಾರಂತೆ. ನಾನು ಮಸ್ಕತ್‌ನಲ್ಲಿದ್ದೇನೆ, ಮೇನಲ್ಲಿ 15 ದಿನ ರಜೆಗೆ ಬರುತ್ತೇನೆ. ಏನೇನು ಫೋಟೋ ತೆಗೆದಿಟ್ಟುಕೊಳ್ಳಲಿ?
— ನರ್ಸ್, ಮಸ್ಕತ್

ನಿಮ್ಮ ಪತ್ರ ಎರಡು ಸಲ ಓದಿದೆ ತಾಯಿ. ಬಂದ ಮೊದಲ ವಾರವೇ ಹೋಗಿ. ಮೇ ಕೊನೆಗೆ ಮಳೆ ಹಿಡಿದರೆ ಕುಸಿದ ಮಾಡು ಇನ್ನಷ್ಟು ಎಳೆದುಕೊಳ್ಳುತ್ತದೆ. ಆ ಭಾಗಕ್ಕೆ ಕಾಲಿಡಬೇಡಿ, ಹೊರಗಿಂದ ತೆಗೆಯಿರಿ.

ಮೊದಲು ದಾರಿಯಿಂದ ಮನೆ ಕಾಣುವ ಜಾಗದಲ್ಲಿ ನಿಂತು ಒಂದು. ಆಮೇಲೆ ಜಗಲಿ, ನಡುಮನೆ, ದೇವರ ಕೋಣೆ, ಅಡುಗೆಮನೆ, ಬಚ್ಚಲು ಅಂತ ನೀವು ಚಿಕ್ಕವರಿದ್ದಾಗ ಓಡಾಡುತ್ತಿದ್ದ ಕ್ರಮದಲ್ಲೇ ಹೋಗಿ. ಪ್ರತಿ ಕೋಣೆಯನ್ನು ಬಾಗಿಲಲ್ಲಿ ನಿಂತು ಒಂದು, ಎದುರು ಮೂಲೆಯಿಂದ ಬಾಗಿಲ ಕಡೆಗೆ ಒಂದು. ಇಷ್ಟಿದ್ದರೆ ಮುಂದೆ ಯಾವತ್ತಾದರೂ ಮನೆಯ ನಕ್ಷೆ ಬರೆಯಬಹುದು. ಅದಾದ ಮೇಲೆ ಹತ್ತಿರ ಹೋಗಿ. ಒಲೆಯ ಮೇಲಿನ ಹೊಗೆ ಹಿಡಿದ ಗೋಡೆ. ಹಂಡೆ ಕೂರಿಸಿದ್ದ ಗುಂಡಿ. ನಾಗಂದಿಗೆ (ಗೋಡೆಯ ಮೇಲಿನ ಮರದ ಹಲಗೆ) ಮೇಲೆ ಏನಾದರೂ ಉಳಿದಿದ್ದರೆ ಅದು. ಹೊಸಿಲು ನಡುವೆ ಸವೆದಿರುತ್ತದೆ, ಅದನ್ನು ನೆಲಕ್ಕೆ ಕೂತು ತೆಗೆಯಿರಿ. ಬಾಗಿಲವಾಡದಲ್ಲಿ ಮಕ್ಕಳ ಎತ್ತರದ ಗುರುತು ಹಾಕಿದ್ದರೆ ಪಕ್ಕದಲ್ಲಿ ಒಂದು ಟೇಪು ಹಿಡಿದು ತೆಗೆಯಿರಿ.

ಅಮ್ಮ ಇದ್ದಾರೆ ಅಂತ ಬರೆದಿದ್ದೀರಿ. ಅವರನ್ನು ಕರೆದುಕೊಂಡು ಹೋಗಿ, ಒಂದು ಕುರ್ಚಿ, ನೀರಿನ ಬಾಟಲಿ ಜೊತೆಗಿರಲಿ. ಕೋಣೆ ಕೋಣೆಗೆ ಹೋಗುವಾಗ ಫೋನಿನಲ್ಲಿ ರೆಕಾರ್ಡಿಂಗ್ ಆನ್ ಮಾಡಿ ಜೇಬಿನಲ್ಲಿಟ್ಟುಕೊಳ್ಳಿ, ಮೊದಲೇ ಅವರಿಗೆ ಹೇಳಿ. ಏನೂ ಕೇಳಬೇಡಿ. ಅವರೇ ಶುರು ಮಾಡುತ್ತಾರೆ, ಇಲ್ಲಿ ಅಡಕೆ ಸುಲಿಯುತ್ತಿದ್ದೆವು, ಇಲ್ಲಿ ನೀನು ಬಿದ್ದಿದ್ದೆ ಅಂತ. ಅವರು ಯಾವ ಜಾಗದಲ್ಲಿ ನಿಂತು ಮಾತು ನಿಲ್ಲಿಸುತ್ತಾರೋ ಅಲ್ಲಿ ಒಂದು ಫೋಟೋ ತೆಗೆಯಿರಿ, ಅವರದ್ದಲ್ಲ, ಅವರು ನೋಡುತ್ತಿರುವುದರದ್ದು.

ಎರಡು ಕಾಪಿ ಮಾಡಿ. ಒಂದು ನಿಮ್ಮ ಜೊತೆ ಮಸ್ಕತ್‌ಗೆ, ಒಂದು ಅಮ್ಮನ ಹತ್ತಿರ. ಪ್ರಿಂಟು ಹಾಕಿಸುವಾಗ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಕೋಣೆಯ ಹೆಸರು ಬರೆಯಿರಿ, ಅಮ್ಮ ಹೇಳಿದ ಹೆಸರು. ಪೆನ್ನು ಬೇಡ, ಶಾಯಿ ಮುಂಬದಿಗೆ ಇಳಿಯುತ್ತದೆ.